ಪ್ರಾಜೆಕ್ಟ್ ಹಳ್ಳ ಹಿಡಿಯುತ್ತಿದೆಯೇ? ಬೇಗ ಗುರುತಿಸುವುದು, ಉಳಿಸುವುದೋ ಕೈಬಿಡುವುದೋ ತೀರ್ಮಾನಿಸುವುದು ಹೇಗೆ

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್. ಜನವರಿ ತಿಂಗಳು, ಕಬ್ಬು ಅರೆಯುವ ಹಂಗಾಮು ಮುಗಿಯುತ್ತಾ ಬಂದಿತ್ತು. ಹೊಸ ಸಾಫ್ಟ್‌ವೇರಿನ ಟ್ರಯಲ್ ಅಂತ ಗುಮಾಸ್ತರ ಬೆನ್ನ ಹಿಂದೆ ನಾವು ನಾಲ್ಕು ಜನ ನಿಂತಿದ್ದೆವು. ಕಬ್ಬು ತುಂಬಿದ ಎತ್ತಿನಗಾಡಿಯೊಂದು ಬಂದು ತೂಕದ ಹಲಗೆ ಹತ್ತಿತು. ಗುಮಾಸ್ತರು ರೈತರ ಕೋಡ್ ಒತ್ತಿದರು, ಹೆಸರು ಬಂತು, ಊರು ಬಂತು. ಮುಂದಿನ ಕಾಲಂ: ವಾಹನ ಸಂಖ್ಯೆ. ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಎತ್ತಿನಗಾಡಿಗೆ ನಂಬರ್ ಎಲ್ಲಿಂದ ತರುವುದು? ಗುಮಾಸ್ತರು ಒಂದು ಸಲ ನಮ್ಮ ಮುಖ ನೋಡಿದರು, ಕೆಎ 11 ಅಂತ ಹಾಕಿ ನಾಲ್ಕು ಸೊನ್ನೆ ಒತ್ತಿದರು. ಚೀಟಿ ಪ್ರಿಂಟ್ ಆಯಿತು. ಹಿಂದಿನ ಗಾಡಿಯವರು ಕೂತಲ್ಲಿಂದಲೇ ಕೇಳಿದರು: "ಸ್ವಾಮಿ, ನಮ್ಮ ಎತ್ತಿಗೂ ಆರ್‌ಸಿ ಮಾಡಿಸಬೇಕಾ?"

ಅವತ್ತು ಬೆಳಿಗ್ಗೆ ಹೋಗಿದ್ದ ಸ್ಟೇಟಸ್ ರಿಪೋರ್ಟಿನಲ್ಲಿ ವೇಬ್ರಿಡ್ಜ್ ಭಾಗದ ಮುಂದೆ "ಶೇ 90, ಹಸಿರು" ಅಂತ ಇತ್ತು. ಹಸಿರು ಅಂದರೆ ಎಲ್ಲ ಸರಿಯಾಗಿದೆ, ಕೆಂಪು ಅಂದರೆ ಅಪಾಯ. ಆ ರಿಪೋರ್ಟ್ ಬರೆದವನು ನಾನೇ. ಜಮೀನಿನ ಗುರುತು, ಕಟಾವು ಆದೇಶ, ಕಬ್ಬಿನ ತೂಕ, ರೈತರ ಪಾವತಿ ಎಲ್ಲವನ್ನೂ ಸಾಫ್ಟ್‌ವೇರಿಗೆ ತರುವ ಪ್ರಾಜೆಕ್ಟ್ ಅದು. ಕಾರ್ಖಾನೆಯ ಪರವಾಗಿ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೈಸೂರಿನಿಂದ ವಾರಕ್ಕೆರಡು ಸಲ ಹೋಗಿ, ಮೀಟಿಂಗ್ ರೂಮಿನಲ್ಲಿ ಕೂತು, ಟೀ ಕುಡಿದು ವಾಪಸ್ ಬರುತ್ತಿದ್ದೆ. ವೇಬ್ರಿಡ್ಜ್ ಹತ್ತಿರ ನಿಂತು ನೋಡಿದ್ದು ಐದನೇ ತಿಂಗಳಲ್ಲಿ, ಅದೇ ಮೊದಲು.

ಆಮೇಲೆ ಇಂಥ ಹಲವು ಪ್ರಾಜೆಕ್ಟ್‌ಗಳನ್ನು ತಪಾಸಣೆ ಮಾಡುವ ಕೆಲಸವೇ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರ್, ಯಂತ್ರ ಅಳವಡಿಕೆ, ಒಂದೆರಡು ಕಟ್ಟಡ. ಆ ಅನುಭವದಿಂದ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಆ ಕಬ್ಬಿನ ಪ್ರಾಜೆಕ್ಟನ್ನೇ ಇಟ್ಟುಕೊಂಡಿದ್ದೇನೆ. ಗುರುತು ಸಿಗಬಾರದೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಹಂತ 1: ರಿಪೋರ್ಟ್ ಬದಿಗಿಟ್ಟು ಲಕ್ಷಣ ನೋಡಿ

ಪ್ರಾಜೆಕ್ಟ್ ಕೆಡುವುದು ರಿಪೋರ್ಟಿನಲ್ಲಿ ಕೊನೆಗೆ ಕಾಣುತ್ತದೆ. ಅದಕ್ಕೂ ಬಹಳ ಮೊದಲು ಜನರ ಮಾತಿನಲ್ಲಿ, ನಡವಳಿಕೆಯಲ್ಲಿ ಕಾಣುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಶೇ 90ರ ಕಾಯಿಲೆ. ಒಂದು ಕೆಲಸ ಮೂರು ವಾರ ಸತತವಾಗಿ "ಶೇ 90 ಆಗಿದೆ" ಅಂತ ಬಂದರೆ ಅದು ಅರ್ಧವೂ ಆಗಿಲ್ಲವೆಂದೇ ನಾನು ಹಿಡಿಯುತ್ತೇನೆ. ಮಾಡುವವರು ಸುಳ್ಳು ಹೇಳುತ್ತಿರುತ್ತಾರೆ ಅಂತಲ್ಲ. ಗೊತ್ತಿರುವ ಸುಲಭದ ಭಾಗ ಮುಗಿದಿರುತ್ತದೆ, ಉಳಿದದ್ದು ಎಷ್ಟಿದೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಈ ರೋಗಕ್ಕೆ ಐಟಿಯವರು ಇಟ್ಟಿರುವ ಅಡ್ಡಹೆಸರು ಕಲ್ಲಂಗಡಿ ಪ್ರಾಜೆಕ್ಟ್: ಹೊರಗೆ ಹಸಿರು, ಕೊಯ್ದರೆ ಕೆಂಪು.

ಎರಡನೆಯದು, ತಾರೀಕು ಜಾರುವ ರೀತಿ. "ಬಾಯ್ಲರ್ ಬಿಡಿಭಾಗ ಬಂದಿಲ್ಲ, ಆರು ವಾರ ತಡ" ಅಂತ ಒಂದೇ ಸಲ, ಕಾರಣ ಸಮೇತ ಹೇಳಿದರೆ ನನಗೆ ಭಯವಿಲ್ಲ. "ಮುಂದಿನ ಸೋಮವಾರ", ಮತ್ತೆ "ಗುರುವಾರ", ಮತ್ತೆ "ಹಬ್ಬ ಮುಗೀಲಿ ಸಾರ್" ಅಂತ ಚೂರುಚೂರೇ ಜಾರಿದರೆ ಭಯ. ಮೊದಲನೆಯವರ ಹತ್ತಿರ ಯೋಜನೆ ಇದೆ. ಎರಡನೆಯವರ ಹತ್ತಿರ ಕ್ಯಾಲೆಂಡರ್ ಮಾತ್ರ ಇದೆ.

ಮೂರನೆಯದು ಮೀಟಿಂಗಿಗೆ ಯಾರು ಬರುತ್ತಾರೆ ಅನ್ನುವುದು. ಶುರುವಿನಲ್ಲಿ ಜನರಲ್ ಮ್ಯಾನೇಜರ್ ಬರುತ್ತಿದ್ದರು. ಮೂರನೇ ತಿಂಗಳಿಗೆ ಅವರ ಸಹಾಯಕರು. ಐದನೇ ತಿಂಗಳಿಗೆ ಒಬ್ಬ ಟ್ರೈನಿ, ಏನು ಕೇಳಿದರೂ "ಸಾರ್‌ಗೆ ಹೇಳ್ತೀನಿ". ದುಡ್ಡು ಕೊಡುವವರು ಮನಸ್ಸಿನಿಂದ ಹೊರಟುಹೋಗಿರುವುದು ಹೀಗೆ ತಿಳಿಯುತ್ತದೆ.

ನಾಲ್ಕನೆಯದು ನನಗೆ ಬಹಳ ಇಷ್ಟದ ಲಕ್ಷಣ, ಯಾಕೆಂದರೆ ಇದು ಯಾವತ್ತೂ ತಪ್ಪಿದ್ದಿಲ್ಲ: ಪಕ್ಕದಲ್ಲೊಂದು ನೋಟ್‌ಬುಕ್. ಹೊಸ ವ್ಯವಸ್ಥೆಯ ಟ್ರಯಲ್ ನಡೆಯುತ್ತಿರುವಾಗ ಮೇಜಿನ ಡ್ರಾಯರಿನಲ್ಲಿ ಉದ್ದ ರೂಲಿನ ಪುಸ್ತಕ ಇದೆಯೇ ನೋಡಿ. "ಇರಲಿ ಅಂತ ಬರೀತಿದೀನಿ" ಅನ್ನುತ್ತಾರೆ. ಬಳಸುವವರಿಗೆ ನಂಬಿಕೆ ಇಲ್ಲ, ಆದರೆ ಹೇಳುವಷ್ಟು ಸಲಿಗೆಯೂ ಇಲ್ಲ. ನಮ್ಮ ಗುಮಾಸ್ತರ ಡ್ರಾಯರಿನಲ್ಲೂ ಒಂದಿತ್ತು. ಅದರಲ್ಲಿ ವಾಹನ ಸಂಖ್ಯೆಯ ಜಾಗದಲ್ಲಿ "ಗಾಡಿ" ಅಂತ ಬರೆದು, ಮುಂದೆ ಗಾಡಿಯವರ ಹೆಸರಿತ್ತು. ಐದು ತಿಂಗಳ ಮೀಟಿಂಗುಗಳಲ್ಲಿ ಸಿಗದ ಮಾಹಿತಿ ಆ ಡ್ರಾಯರಿನಲ್ಲಿ ಕೂತಿತ್ತು.

ಇನ್ನುಳಿದವು ನಿಮಗೂ ಗೊತ್ತಿರುವಂಥವೇ: ಚೆನ್ನಾಗಿ ಕೆಲಸ ಬಲ್ಲವರು ಒಬ್ಬೊಬ್ಬರೇ ಬಿಡುವುದು, ಪ್ರತಿ ವಾರ ಹೊಸ ಬೇಡಿಕೆ ಸೇರುವುದು, ಡೆಮೊ ಮುಂದೂಡುವುದು, ವೆಂಡರ್ (ಕೆಲಸ ಗುತ್ತಿಗೆ ಹಿಡಿದ ಕಂಪನಿ) ಫೋನ್ ಎತ್ತುವುದು ತಡವಾಗುವುದು.

ನಮ್ಮ ಕಡೆಯದೇ ಒಂದು ತೊಡಕೂ ಇದೆ. ಮೈಸೂರಿನ ಸೌಜನ್ಯ. "ಆಗಲ್ಲ" ಅನ್ನುವ ಮಾತನ್ನು ನೇರವಾಗಿ ಹೇಳಲು ನಾಲಿಗೆ ಬರುವುದಿಲ್ಲ. "ನೋಡೋಣ ಸಾರ್", "ಆಗುತ್ತೆ ಸಾರ್", "ಒಂಚೂರು ಬಾಕಿ ಇದೆ ಅಷ್ಟೇ". ಈ ಮೂರನ್ನೂ ನಾನು "ಆಗಿಲ್ಲ" ಎಂದೇ ಅನುವಾದಿಸಿಕೊಳ್ಳುತ್ತೇನೆ. ಮಂಡ್ಯದವರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ, ತಪಾಸಣೆ ಮಾಡುವವನಿಗೆ ಅದು ವರ. ಆದರೆ ಅವರನ್ನು ಕೇಳಬೇಕಲ್ಲ!

ಆದ್ದರಿಂದ ಕೇಳುವ ಪ್ರಶ್ನೆ ಬದಲಿಸಿ. "ಎಷ್ಟು ಆಗಿದೆ?" ಅನ್ನಬೇಡಿ. "ಏನೇನು ಉಳಿದಿದೆ, ಇಲ್ಲೇ ಬರೆಯಿರಿ" ಅನ್ನಿ. ಆ ಪಟ್ಟಿಯನ್ನು ಎರಡು ವಾರ ಬಿಟ್ಟು ಮತ್ತೆ ಬರೆಸಿ. ಉದ್ದ ಕಡಿಮೆಯಾಗಿದ್ದರೆ ಪ್ರಾಜೆಕ್ಟ್ ಜೀವಂತ, ಹೆಚ್ಚಾಗಿದ್ದರೆ ಮುಂದಿನ ಹಂತಕ್ಕೆ ಹೋಗಿ. ಹಾಗೆಯೇ "ಈಗ, ಇಲ್ಲಿ, ನಿಜವಾದ ದಾಖಲೆ ಹಾಕಿ ತೋರಿಸಿ" ಅನ್ನಿ. ಪಿಪಿಟಿ ಬೇಡ.

ಹಂತ 2: ಲೆಕ್ಕ ಹಾಕಿ, ಅರ್ಧ ಗಂಟೆ ಸಾಕು

ಲಕ್ಷಣ ಅನುಮಾನ ಹುಟ್ಟಿಸುತ್ತದೆ, ಆಡಳಿತ ಮಂಡಳಿ ಅನುಮಾನವನ್ನು ನಂಬುವುದಿಲ್ಲ. ಅಂಕಿ ಬೇಕು. ಅದಕ್ಕೆ ಗಳಿಸಿದ ಮೌಲ್ಯದ ಲೆಕ್ಕ ಅನ್ನುವ ಹಳೆಯ ಪದ್ಧತಿಯಿದೆ. ಅಮೆರಿಕದ ರಕ್ಷಣಾ ಗುತ್ತಿಗೆಗಳಲ್ಲಿ 1960ರ ದಶಕದಿಂದ ಬಳಕೆಯಲ್ಲಿದೆ. ಹೆಸರು ಕೇಳಿ ಹೆದರಬೇಡಿ, ಮೂರೇ ಅಂಕಿ ಬೇಕು: ಇಷ್ಟು ಹೊತ್ತಿಗೆ ಎಷ್ಟು ರೂಪಾಯಿಯ ಕೆಲಸ ಆಗಬೇಕಿತ್ತು, ನಿಜವಾಗಿ ಎಷ್ಟರದ್ದು ಆಗಿದೆ, ಎಷ್ಟು ಖರ್ಚಾಗಿದೆ.

ನಮ್ಮದು 40 ಲಕ್ಷದ, 10 ತಿಂಗಳ ಪ್ರಾಜೆಕ್ಟ್. ಸೆಪ್ಟೆಂಬರಿನಲ್ಲಿ ಶುರು, ಜುಲೈನ ಹಂಗಾಮಿಗೆ ಸಿದ್ಧವಾಗಬೇಕು. ವೆಂಡರ್ ಜೊತೆ ಒಪ್ಪಂದ ತಿಂಗಳ ಬಿಲ್ಲಿನ ಲೆಕ್ಕದಲ್ಲಿತ್ತು. ಐದು ತಿಂಗಳು ಮುಗಿದಾಗ 20 ಲಕ್ಷದ ಕೆಲಸ ಆಗಿರಬೇಕಿತ್ತು. ಆಗಿದ್ದು 12 ಲಕ್ಷದ್ದು. ಖರ್ಚಾಗಿದ್ದು 24 ಲಕ್ಷ.

ಆದ ಕೆಲಸವನ್ನು ಖರ್ಚಿನಿಂದ ಭಾಗಿಸಿ: 12ನ್ನು 24ರಿಂದ ಭಾಗಿಸಿದರೆ 0.5. ಅಂದರೆ ಹಾಕಿದ ಪ್ರತಿ ರೂಪಾಯಿಗೆ ಎಂಟಾಣೆ ಕೆಲಸ. ಇದೇ ಗತಿಯಲ್ಲಿ ಹೋದರೆ 40 ಲಕ್ಷದ ಕೆಲಸಕ್ಕೆ 80 ಲಕ್ಷ ಬೇಕು. ಈಗ ಆದ ಕೆಲಸವನ್ನು ಆಗಬೇಕಿದ್ದ ಕೆಲಸದಿಂದ ಭಾಗಿಸಿ: 12ನ್ನು 20ರಿಂದ ಭಾಗಿಸಿದರೆ 0.6. ಹತ್ತು ತಿಂಗಳ ಕೆಲಸಕ್ಕೆ ಹತ್ತಿರಹತ್ತಿರ 17 ತಿಂಗಳು. ಜುಲೈ ಬಿಡಿ, ಮುಂದಿನ ಜನವರಿ ಮುಟ್ಟುತ್ತದೆ. ಕಬ್ಬು ಅಷ್ಟು ಕಾಯುವುದಿಲ್ಲ.

ಇಲ್ಲಿ ಮೋಸ ನುಸುಳುವುದು "ಆದ ಕೆಲಸ" ಅನ್ನುವ ಅಂಕಿಯಲ್ಲಿ. ನನ್ನ ನಿಯಮ ಕಟುವಾದದ್ದು: ಒಂದು ಕೆಲಸ ಬಳಸುವವರ ಕೈಯಲ್ಲಿ ನಡೆದು ಅವರು ಸಹಿ ಹಾಕಿದರೆ ನೂರು, ಇಲ್ಲದಿದ್ದರೆ ಸೊನ್ನೆ. ಮಧ್ಯದ ಅಂಕಿಯೇ ಇಲ್ಲ. ಈ ನಿಯಮ ಹಾಕಿದ ದಿನ ನಮ್ಮ ವೇಬ್ರಿಡ್ಜ್ ಭಾಗ ಶೇ 90ರಿಂದ ಸೊನ್ನೆಗೆ ಬಿತ್ತು. ವೆಂಡರ್ ಕಡೆಯ ಹುಡುಗರು ಮುಖ ಸಪ್ಪೆ ಮಾಡಿಕೊಂಡರು. ನನಗೂ ಹೊಟ್ಟೆಯೊಳಗೆ ತಣ್ಣಗಾಯಿತು. ಆದರೆ ಎತ್ತಿನಗಾಡಿ ದಾಟದ ವೇಬ್ರಿಡ್ಜ್ ಸಾಫ್ಟ್‌ವೇರಿಗೆ ಬೇರೆ ಯಾವ ಅಂಕಿ ಕೊಡುವುದು?

ಎಷ್ಟು ಕೆಟ್ಟರೆ ಎಚ್ಚರವಾಗಬೇಕು ಅಂತ ಕೇಳುತ್ತಾರೆ. ಈ ಎರಡು ಅಂಕಿಗಳಲ್ಲಿ ಯಾವುದಾದರೂ 0.8ಕ್ಕಿಂತ ಕೆಳಗೆ ಎರಡು ತಿಂಗಳು ಸತತ ಇದ್ದರೆ ನಾನು ಮುಂದಿನ ಹಂತಕ್ಕೆ ಹೋಗುತ್ತೇನೆ. ಅದು ಶಾಸ್ತ್ರವಾಕ್ಯವೇನಲ್ಲ, ನನ್ನ ಕೈಯಳತೆ.

ಹಂತ 3: ಒಂದು ವಾರದ ತಪಾಸಣೆ

ಹೊಸ ಕೆಲಸ ಒಂದು ವಾರ ನಿಲ್ಲಿಸಿ. ನಡೆಯುತ್ತಿರುವ ಬಸ್ಸಿನ ಟೈರ್ ಬದಲಿಸಲು ಆಗುವುದಿಲ್ಲ. ತಪಾಸಣೆ ಮಾಡುವವರು ಆ ಪ್ರಾಜೆಕ್ಟಿಗೆ ಸಂಬಂಧ ಇಲ್ಲದವರಾಗಿರಬೇಕು. ಕಂಪನಿ ಸಣ್ಣದಾದರೆ ಇನ್ನೊಂದು ವಿಭಾಗದವರು, ಇಲ್ಲವೇ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲೇ ಇರುವ ನಿಮ್ಮ ಪರಿಚಯದ ಇನ್ನೊಬ್ಬ ಉದ್ಯಮಿ ಸಾಕು. ಊಟ ಹಾಕಿಸಿ, ಒಂದು ವಾರ ಕೂರಿಸಿ.

ಮೊದಲ ದಿನ ಕಾಗದ: ಒಪ್ಪಂದ, ಬಿಲ್ಲು, ಕಳೆದ ಎಲ್ಲ ಸ್ಟೇಟಸ್ ರಿಪೋರ್ಟುಗಳು. ರಿಪೋರ್ಟುಗಳನ್ನು ಸಾಲಾಗಿ ಹರಡಿ ಒಂದೇ ಸಾಲನ್ನು ವಾರದಿಂದ ವಾರಕ್ಕೆ ಓದಿ. ನಮ್ಮದರಲ್ಲಿ "ಕಟಾವು ಆದೇಶ: ಶೇ 70" ಅನ್ನುವ ಸಾಲು ಏಳು ವಾರ ಅಲುಗಾಡಿರಲಿಲ್ಲ. ನಾನೇ ಕಾಪಿ ಪೇಸ್ಟ್ ಮಾಡಿದ್ದೆ.

ಎರಡು ಮತ್ತು ಮೂರನೇ ದಿನ ಜನ. ಒಬ್ಬೊಬ್ಬರನ್ನೇ, ಬಾಗಿಲು ಹಾಕಿಕೊಂಡು, ಹೆಸರು ಹೊರಗೆ ಬರುವುದಿಲ್ಲವೆಂದು ಮಾತು ಕೊಟ್ಟು. ಕೆಳಗಿನವರಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಉಲ್ಟಾ ಮಾಡಿದರೆ ಮೇಲಿನವರು ಹೇಳಿದ್ದನ್ನೇ ಕೆಳಗಿನವರು ಒಪ್ಪಿಸುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ: "ಜುಲೈಗೆ ಇದು ನಡೆಯದಿದ್ದರೆ, ಕಾರಣ ಏನಾಗಿರುತ್ತದೆ?" ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಇದನ್ನು ಸಾವಿನ ಮೊದಲಿನ ಮರಣೋತ್ತರ ಪರೀಕ್ಷೆ ಎಂಬ ಅರ್ಥದ ಹೆಸರಿಟ್ಟು ಪ್ರಚಾರಕ್ಕೆ ತಂದರು. "ತೊಂದರೆ ಇದೆಯಾ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಸೋತಾಗಿದೆ ಅಂದುಕೊಂಡು ಕಾರಣ ಹೇಳಿ ಅಂದರೆ ಎಲ್ಲರೂ ಹೇಳುತ್ತಾರೆ. ನಿಜವಾಗಿ ಇದನ್ನು ಪ್ರಾಜೆಕ್ಟ್ ಶುರುವಿಗೆ ಮೊದಲು ಮಾಡಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾದರೂ, ಏನೂ ಕೇಳದಿರುವುದಕ್ಕಿಂತ ವಾಸಿ.

ನಾಲ್ಕನೇ ದಿನ ಸ್ಥಳ. ಇದನ್ನು ತಪ್ಪಿಸಲೇಬೇಡಿ. ಬೆಳಗಿನ ಜಾವ ಹೋಗಿ, ಗಲಾಟೆಯ ಹೊತ್ತಿನಲ್ಲಿ ಹೋಗಿ. ಐದನೇ ದಿನ ಬರೆಯುವುದು, ನಾಲ್ಕು ಪುಟ ಮೀರದಂತೆ.

ಹಂತ 4: ವಾಸಿಯಾಗುವ ಕಾಯಿಲೆಯೋ, ಅಲ್ಲವೋ

ಕೆಲವು ಕಾರಣಗಳಿಗೆ ಮದ್ದಿದೆ. ಬೇಡಿಕೆ ಸರಿಯಾಗಿ ಕೇಳಿಕೊಂಡಿಲ್ಲ, ಕೆಲಸ ಅತಿಯಾಗಿ ಹರಡಿದೆ, ಮುಂದಾಳು ಸರಿಯಿಲ್ಲ, ಪರೀಕ್ಷೆ ಮಾಡುವವರಿಲ್ಲ. ಇವೆಲ್ಲ ಸರಿಹೋಗುತ್ತವೆ.

ಕೆಲವಕ್ಕೆ ಇಲ್ಲ. ಯಾವ ಸಮಸ್ಯೆಗಾಗಿ ಶುರು ಮಾಡಿದೆವೋ ಅದೇ ಈಗ ಇಲ್ಲ. ದುಡ್ಡು ಹಾಕುವವರಲ್ಲಿ ಒಬ್ಬರಿಗೂ ಇದು ಬೇಡ. ತಂತ್ರಜ್ಞಾನ ಪ್ರಯೋಗಾಲಯ ದಾಟಿ ಎಲ್ಲೂ ನಡೆದಿಲ್ಲ. ವೆಂಡರ್‌ಗೂ ನಿಮಗೂ ಮಾತಿಲ್ಲ, ಎರಡೂ ಕಡೆ ವಕೀಲರೇ ಪತ್ರ ಬರೆಯುತ್ತಿದ್ದಾರೆ. ಇದರಲ್ಲಿ ಒಂದಿದ್ದರೂ ಉಳಿಸುವ ಮಾತನ್ನು ಬಹಳ ಯೋಚಿಸಿ ಆಡಿ.

ಒಂದು ಸುಳ್ಳು ಮದ್ದಿನ ಬಗ್ಗೆ ಎಚ್ಚರ: ಜನ ಸೇರಿಸುವುದು. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಐಬಿಎಂನ ದೊಡ್ಡ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ, ಪರಸ್ಪರ ಮಾತುಕತೆ ಜಾಸ್ತಿಯಾಗುತ್ತದೆ. ಲೆಕ್ಕ ನೋಡಿ: 5 ಜನರ ನಡುವೆ 10 ಜೋಡಿ ಮಾತುಕತೆ, 10 ಜನರ ನಡುವೆ 45. ನಮ್ಮ ವೆಂಡರ್ ಕೊಟ್ಟ ಮೊದಲ ಪರಿಹಾರವೂ "ಇನ್ನೂ ನಾಲ್ಕು ಹುಡುಗರನ್ನು ಹಾಕ್ತೀವಿ ಸಾರ್" ಅನ್ನುವುದೇ ಆಗಿತ್ತು. ಬಿಲ್ಲಂತೂ ಖಂಡಿತ ಬೆಳೆಯುತ್ತಿತ್ತು.

ಹಂತ 5: ತೀರ್ಮಾನ. ಹಾಕಿದ ದುಡ್ಡಿಗೆ ವೋಟಿಲ್ಲ

ಈ ಹಂತದಲ್ಲೇ ಎಲ್ಲರೂ ಜಾರುವುದು. "ಇಷ್ಟು ಹಾಕಿದ್ದೀವಿ, ಈಗ ಬಿಟ್ಟರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ" ಅನ್ನುವ ಮಾತು ಬಂದೇ ಬರುತ್ತದೆ. ನಮ್ಮ ಸಭೆಯಲ್ಲಿ ಅದನ್ನು ಮೂರು ಜನ ಮೂರು ರೀತಿ ಹೇಳಿದರು. ಆದರೆ ಆ 24 ಲಕ್ಷ ಮುಂದುವರಿಸಿದರೂ ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಅಂಕಿ ದಾರಿ ಆರಿಸಲು ಸಹಾಯ ಮಾಡುವುದಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು ಲಾಭವಿಲ್ಲವೆಂದು ಗೊತ್ತಾದ ಮೇಲೂ ಕಾಂಕಾರ್ಡ್ ವಿಮಾನಕ್ಕೆ ದುಡ್ಡು ಸುರಿಯುತ್ತಲೇ ಹೋದವು. ಈ ತಪ್ಪಿಗೆ ಆ ವಿಮಾನದ ಹೆಸರೇ ಅಂಟಿಕೊಂಡಿದೆ.

ಇನ್ನೂ ಸೂಕ್ಷ್ಮವಾದದ್ದನ್ನು ಅಮೆರಿಕದ ಸಂಶೋಧಕ ಬ್ಯಾರಿ ಸ್ಟಾ 1976ರ ಪ್ರಯೋಗದಲ್ಲಿ ತೋರಿಸಿದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಕಂಪನಿಯ ದುಡ್ಡನ್ನು ವಿಭಾಗಗಳಿಗೆ ಹಂಚುವ ಕೆಲಸ ಕೊಟ್ಟರು. ತಾವೇ ಆರಿಸಿದ ವಿಭಾಗ ನಷ್ಟದಲ್ಲಿದ್ದಾಗ ಅವರು ಅದಕ್ಕೆ ಇನ್ನೂ ಹೆಚ್ಚು ದುಡ್ಡು ಕೊಟ್ಟರು. ಬೇರೆಯವರು ಆರಿಸಿದ್ದಾದರೆ ಅಷ್ಟು ಕೊಡಲಿಲ್ಲ. ಹಾಗಾಗಿ ಪ್ರಾಜೆಕ್ಟ್ ಶುರು ಮಾಡಿದವರು ಅದರ ಜೀವದ ತೀರ್ಮಾನ ಮಾಡುವ ಕುರ್ಚಿಯಲ್ಲಿ ಒಂಟಿಯಾಗಿ ಕೂರಬಾರದು. ಮಾಲೀಕರೇ ಎಲ್ಲವೂ ಆಗಿರುವ ನಮ್ಮ ಸಣ್ಣ ಉದ್ಯಮಗಳಲ್ಲಿ ಇದು ಕಷ್ಟ. ಅಲ್ಲಿ ನಾನು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ: "ಇದೇ ಪ್ರಾಜೆಕ್ಟ್, ಇದೇ ಸ್ಥಿತಿಯಲ್ಲಿ, ಇನ್ನೊಬ್ಬರು ನಿಮಗೆ ಪುಕ್ಕಟೆ ಕೊಡ್ತೀನಿ ಅಂದರೆ, ಉಳಿದ ಖರ್ಚು ಹಾಕಿ ಮುಗಿಸ್ತೀರಾ?"

ಈಗ ಲೆಕ್ಕ. ಇವತ್ತಿನಿಂದ ಮುಂದಕ್ಕೆ ಮಾತ್ರ ನೋಡಿ: ಇನ್ನೆಷ್ಟು ಹೋಗುತ್ತದೆ, ಇನ್ನೆಷ್ಟು ಬರುತ್ತದೆ. ದಾರಿಗಳು ಎರಡೇ ಇರುತ್ತವೆ ಅಂದುಕೊಳ್ಳಬೇಡಿ. ಕಡಿಮೆಯೆಂದರೂ ಮೂರು ಬರೆಯಿರಿ. ನಮ್ಮವು ಹೀಗಿದ್ದವು:

- ಇದ್ದಂತೆ ಪೂರ್ತಿ ಮುಗಿಸುವುದು: ಇನ್ನು 56 ಲಕ್ಷ. ವರ್ಷಕ್ಕೆ 20 ಲಕ್ಷ ಉಳಿತಾಯ, ನಾಲ್ಕು ಹಂಗಾಮಿನ ಲೆಕ್ಕ. ಮೊದಲ ಹಂಗಾಮು ತಪ್ಪುವುದರಿಂದ ಬರುವುದು 60. ನಿವ್ವಳ 4 ಲಕ್ಷ.
- ತೂಕ ಮತ್ತು ಪಾವತಿ ಎರಡನ್ನೇ ಉಳಿಸಿ ಮಿಕ್ಕದ್ದು ಕೈಬಿಡುವುದು: ಇನ್ನು 18 ಲಕ್ಷ, ಜೂನ್ ಹೊತ್ತಿಗೆ ಮುಗಿಯುತ್ತದೆ. ವರ್ಷಕ್ಕೆ 14 ಲಕ್ಷದಂತೆ ನಾಲ್ಕು ಹಂಗಾಮಿಗೆ 56. ನಿವ್ವಳ 38 ಲಕ್ಷ.
- ಪೂರ್ತಿ ನಿಲ್ಲಿಸುವುದು: ನೋಟಿಸ್ ಅವಧಿ, ದಾಖಲೆ ಹಸ್ತಾಂತರ ಸೇರಿ 3 ಲಕ್ಷ ಖರ್ಚು.

ಆಮೇಲೆ ಲೆಕ್ಕವನ್ನು ಹಿಂಡಿ ನೋಡಿ. ಬರುವ ಲಾಭ ಅರ್ಧ ಮಾಡಿ, ಆಗುವ ಖರ್ಚು ಒಂದೂವರೆ ಪಟ್ಟು ಮಾಡಿ. ಮೊದಲನೆಯದು 54 ಲಕ್ಷದ ಗುಂಡಿಗೆ ಬಿತ್ತು. ಎರಡನೆಯದು 28 ಬಂದು 27 ಹೋಗಿ, ಕಷ್ಟಪಟ್ಟು 1 ಲಕ್ಷದ ದಡದಲ್ಲಿ ನಿಂತಿತು. ಆಗಲೂ ಅದು ನಿಲ್ಲಿಸುವುದಕ್ಕಿಂತ ಮೇಲು. ಇಂಥ ಹಿಂಡುವಿಕೆ ತಡೆದುಕೊಳ್ಳದ ಪ್ರಾಜೆಕ್ಟನ್ನು ಉಳಿಸುತ್ತೇನೆಂದು ನಾನು ಸಹಿ ಹಾಕುವುದಿಲ್ಲ.

ತೂಕ ಮತ್ತು ಪಾವತಿಯನ್ನೇ ಉಳಿಸಿದ್ದಕ್ಕೆ ಕಾರಣವಿತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸರಬರಾಜಾದ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ತೂಕದ ಚೀಟಿಯಿಂದ ಬ್ಯಾಂಕಿನವರೆಗಿನ ದಾರಿ ಸರಿಹೋದರೆ ಅದೇ ದೊಡ್ಡ ಲಾಭ. ಜಮೀನಿನ ಗಡಿಯನ್ನು ಟ್ಯಾಬ್ಲೆಟ್‌ನಲ್ಲಿ ಗುರುತಿಸುವ ಆ್ಯಪ್ ಚೆಂದವಿತ್ತು, ಆಡಳಿತ ಮಂಡಳಿಗೆ ತೋರಿಸಲು ಇನ್ನೂ ಚೆಂದವಿತ್ತು. ಅದನ್ನೇ ಕೈಬಿಟ್ಟೆವು.

ಹಂತಹಂತವಾಗಿ ಉಳಿಸುವುದಕ್ಕೆ ನಮ್ಮ ಪಕ್ಕದಲ್ಲೇ ಕನ್ನಂಬಾಡಿ ಅಣೆಕಟ್ಟು ಇದೆ. 1911ರಲ್ಲಿ ಕೆಲಸ ಶುರುವಾದಾಗ ಮದ್ರಾಸ್ ಸರ್ಕಾರದ ಆಕ್ಷೇಪದಿಂದ ಒಪ್ಪಿಗೆ ಸಿಕ್ಕಿದ್ದು 80 ಅಡಿ ಎತ್ತರಕ್ಕೆ. ವಿಶ್ವೇಶ್ವರಯ್ಯನವರು ಎತ್ತರಕ್ಕೆ ಒಪ್ಪಿಗೆ ಸಿಗುವತನಕ ಕೈಕಟ್ಟಿ ಕೂರಲಿಲ್ಲ, ದೊಡ್ಡ ಕನಸನ್ನೂ ಬಿಡಲಿಲ್ಲ. ಮುಂದೆ ಎತ್ತರಿಸಲು ಬೇಕಾಗುವಷ್ಟು ಅಗಲದ ಅಡಿಪಾಯ ಹಾಕಿಸಿದರು. ಮೊದಲ ಹಂತದ ನೀರೇ ಶಿವನಸಮುದ್ರದ ವಿದ್ಯುತ್ತಿಗೆ ಉಪಯೋಗವಿತ್ತು. ಮದ್ರಾಸಿನೊಂದಿಗಿನ 1924ರ ಒಪ್ಪಂದದ ನಂತರ ದಾರಿ ಪೂರ್ತಿ ತೆರೆಯಿತು. ಪ್ರಾಜೆಕ್ಟ್ ಕುಗ್ಗಿಸುವಾಗ ನಾನು ಇದನ್ನೇ ಅಳತೆಗೋಲಾಗಿ ಇಡುತ್ತೇನೆ: ಉಳಿಸುವ ತುಂಡು ಒಂಟಿಯಾಗಿಯೂ ಪ್ರಯೋಜನಕ್ಕೆ ಬರಬೇಕು, ಮುಂದಿನ ತುಂಡಿಗೆ ಜಾಗವನ್ನೂ ಬಿಟ್ಟಿರಬೇಕು.

ತೀರ್ಮಾನವೇ ಆಗದೆ ಕೂತರೆ ಏನಾಗುತ್ತದೆ ಅನ್ನುವುದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ನವೀಕರಣ ನಡೆಯುತ್ತಿರುವಾಗಲೇ ಬಿತ್ತು. ಕೆಡವಬೇಕೋ, ಇದ್ದಂತೆಯೇ ಗಟ್ಟಿ ಮಾಡಬೇಕೋ ಅನ್ನುವ ವಾದ ಸಮಿತಿಯಿಂದ ಸಮಿತಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ವರ್ಷಗಟ್ಟಲೆ ನಡೆಯಿತು. ಪಾರಂಪರಿಕ ಕಟ್ಟಡದ ಬಗ್ಗೆ ನನಗೂ ಒಂದು ಪಕ್ಷವಿದೆ, ಅದು ಇಲ್ಲಿ ಬೇಡ. ಆದರೆ ಹೂವು, ಬಾಳೆಹಣ್ಣು ಮಾರುವವರಿಗೆ ಎರಡರಲ್ಲಿ ಯಾವ ಉತ್ತರವಾದರೂ ಬೇಗ ಸಿಕ್ಕಿದ್ದರೆ ಒಳ್ಳೆಯದಿತ್ತು. ಆದ್ದರಿಂದ ತಪಾಸಣಾ ವರದಿ ಕೈಗೆ ಬಂದ ಹತ್ತು ದಿನದೊಳಗೆ ಸಭೆ, ಅದೇ ಸಭೆಯಲ್ಲಿ ತೀರ್ಮಾನ ಅಂತ ಮೊದಲೇ ಬರೆದಿಡಿ.

ಹಂತ 6: ಉಳಿಸುವುದಾದರೆ

ಹಳೆಯ ತಾರೀಕು, ಹಳೆಯ ಬಜೆಟ್ ಎರಡನ್ನೂ ಬಹಿರಂಗವಾಗಿ ರದ್ದು ಮಾಡಿ ಹೊಸದು ಘೋಷಿಸಿ. ಒಬ್ಬರೇ ಜವಾಬ್ದಾರರು, ಸಮಿತಿ ಬೇಡ. ಎರಡು ವಾರಕ್ಕೊಂದು ಮೈಲಿಗಲ್ಲು, ಪ್ರತಿಯೊಂದೂ ಕಣ್ಣಿಗೆ ಕಾಣುವಂಥದ್ದು. ನಮ್ಮ ಮೊದಲ ಮೈಲಿಗಲ್ಲಿನ ಪೂರ್ಣ ಪಾಠ ಇಷ್ಟೇ: "ಎತ್ತಿನಗಾಡಿ, ಟ್ರ್ಯಾಕ್ಟರ್, ಲಾರಿ ಮೂರಕ್ಕೂ ತೂಕದ ಚೀಟಿ ಬರಬೇಕು. ಗುಮಾಸ್ತರು ಒತ್ತಬೇಕು, ನಾವು ಮುಟ್ಟಬಾರದು."

ಅದರ ಜೊತೆಗೇ ನಿಲ್ಲಿಸುವ ಗೆರೆಯನ್ನೂ ಬರೆಯಿರಿ. ಮನಸ್ಸು ತಣ್ಣಗಿರುವಾಗ, ಉಳಿಸುವ ಉತ್ಸಾಹದ ದಿನವೇ. ನಮ್ಮದು ಹೀಗಿತ್ತು: ಸತತ ಎರಡು ಮೈಲಿಗಲ್ಲು ತಪ್ಪಿದರೆ, ಅಥವಾ ಮೇ 15ಕ್ಕೆ ಹಳೆಯ ಹಂಗಾಮಿನ ಒಂದು ಇಡೀ ದಿನದ ಚೀಟಿಗಳನ್ನು ಹಾಕಿ ಪಾವತಿ ಪಟ್ಟಿ ತಾಳೆಯಾಗದಿದ್ದರೆ, ಪ್ರಾಜೆಕ್ಟ್ ನಿಲ್ಲುತ್ತದೆ, ಮತ್ತೆ ಚರ್ಚೆ ಇಲ್ಲ. ಈ ಕಾಗದಕ್ಕೆ ವೆಂಡರ್ ಕೂಡ ಸಹಿ ಹಾಕಿದರು. ಆಮೇಲಿನ ಕೆಲಸದ ವೇಗವೇ ಬೇರೆ.

ಬದಲಿ ವ್ಯವಸ್ಥೆಯನ್ನು ಸಿದ್ಧ ಇಟ್ಟುಕೊಂಡೇ ಉಳಿಸಿ. ಡೆನ್ವರ್ ವಿಮಾನ ನಿಲ್ದಾಣದ ಸ್ವಯಂಚಾಲಿತ ಲಗೇಜ್ ವ್ಯವಸ್ಥೆ ಕೈಕೊಟ್ಟು ನಿಲ್ದಾಣದ ಉದ್ಘಾಟನೆಯೇ 16 ತಿಂಗಳು ತಡವಾಯಿತು. ಕೊನೆಗೆ ಪಕ್ಕದಲ್ಲಿ ಮಾಮೂಲಿ ಗಾಡಿ ಮತ್ತು ಬೆಲ್ಟಿನ ವ್ಯವಸ್ಥೆ ಮಾಡಿಕೊಂಡು 1995ರ ಫೆಬ್ರವರಿಯಲ್ಲಿ ಬಾಗಿಲು ತೆರೆದರು. ಕುಗ್ಗಿಸಿ ಉಳಿಸಿಕೊಂಡಿದ್ದ ಸ್ವಯಂಚಾಲಿತ ಭಾಗವನ್ನೂ 2005ರಲ್ಲಿ ಕೈಬಿಟ್ಟರು. ನಮ್ಮ ಬದಲಿ ವ್ಯವಸ್ಥೆ ಅಂದರೆ ಗುಮಾಸ್ತರ ಆ ಉದ್ದ ರೂಲಿನ ಪುಸ್ತಕ. ಅದನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲೆ ಅಧಿಕೃತವಾಗಿ ಇಟ್ಟೆವು. ಅವರಿಗೆ ಅದರಿಂದ ಎಷ್ಟು ಖುಷಿಯಾಯಿತೆಂದರೆ, ಅಂದಿನಿಂದ ಸಾಫ್ಟ್‌ವೇರಿನ ತಪ್ಪುಗಳನ್ನೂ ಅದರ ಹಿಂದಿನ ಪುಟಗಳಲ್ಲಿ ಬರೆಯತೊಡಗಿದರು.

ಹಂತ 7: ನಿಲ್ಲಿಸುವುದಾದರೆ

ನಿಲ್ಲಿಸುವುದೂ ಒಂದು ಪ್ರಾಜೆಕ್ಟ್. ಅದಕ್ಕೂ ತಾರೀಕು, ಬಜೆಟ್, ಜವಾಬ್ದಾರರು ಬೇಕು.

ಮೊದಲು ಒಪ್ಪಂದದ ಮುಕ್ತಾಯದ ಷರತ್ತು ಓದಿ: ನೋಟಿಸ್ ಎಷ್ಟು ದಿನ, ಯಾರಿಗೆ, ಯಾವ ರೂಪದಲ್ಲಿ. ವಾಟ್ಸ್ಆ್ಯಪ್ ಸಂದೇಶ ಸಾಲದು. ದುಡ್ಡಿನ ಕೊನೆ ಕಂತು ಕೈಬಿಡುವ ಮೊದಲು ಸೋರ್ಸ್ ಕೋಡ್, ಪಾಸ್‌ವರ್ಡ್, ದಾಖಲೆ, ನಕ್ಷೆ ಎಲ್ಲ ನಿಮ್ಮ ಕೈಗೆ ಬರಲಿ. ಡೊಮೇನ್ ಹೆಸರು ವೆಂಡರ್ ಕಡೆಯ ಒಬ್ಬ ಹುಡುಗನ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದ್ದು, ಆತ ಕೆಲಸ ಬಿಟ್ಟು ಹೋಗಿದ್ದನ್ನು ನಾನು ಎರಡು ಕಡೆ ನೋಡಿದ್ದೇನೆ. ಆದ ಕೆಲಸದ ಬಿಲ್ಲನ್ನು ಮಾತ್ರ ತಕರಾರಿಲ್ಲದೆ ಚುಕ್ತಾ ಮಾಡಿ. ಮೈಸೂರು-ಮಂಡ್ಯ ಸಣ್ಣ ಊರುಗಳು, ನಾಳೆ ಮತ್ತೆ ಎದುರಾಗುತ್ತಾರೆ.

ಸುದ್ದಿಯನ್ನು ಒಂದೇ ದಿನ, ಎಲ್ಲರಿಗೂ, ಹತ್ತಿರದವರಿಂದ ಶುರು ಮಾಡಿ ಹೇಳಿ. ತಂಡದವರಿಗೆ ಗಾಳಿಸುದ್ದಿಯಾಗಿ ತಲುಪಿದರೆ ಒಳ್ಳೆಯವರು ಮೊದಲು ಹೋಗುತ್ತಾರೆ. ಹೇಳುವಾಗ ಅವರಿಗೆ ಮುಂದೇನು ಕೆಲಸ ಅನ್ನುವ ಉತ್ತರವೂ ಜೇಬಿನಲ್ಲಿರಲಿ.

ಮದ್ದೂರಿನ ಕಡೆ ಆಲೆಮನೆ ಇರುವ ಗೆಳೆಯರೊಬ್ಬರು ಬೆಲ್ಲದ ಪುಡಿ ಮಾಡುವ ಘಟಕಕ್ಕೆ ಕೈ ಹಾಕಿದ್ದರು. ಒಣಗಿಸುವ ಯಂತ್ರ ಬಂದಾಗಿತ್ತು, ಕೊಳ್ಳುತ್ತೇನೆಂದಿದ್ದ ವ್ಯಾಪಾರಿ ಹಿಂದೆ ಸರಿದಿದ್ದರು. ಶೆಡ್ಡು ಅರ್ಧ ಎದ್ದಿತ್ತು. ಮನೆಯಲ್ಲಿ "ಊರವರು ಏನಂತಾರೆ" ಅನ್ನುವುದೇ ದೊಡ್ಡ ವಾದ. ಅವರು ಯಂತ್ರವನ್ನು ಡಬ್ಬದಿಂದ ತೆಗೆಯುವ ಮೊದಲೇ ಮಾರಿದರು. ತೆಗೆದಿದ್ದರೆ ಹಳೆಯದೆಂದು ಅರ್ಧ ಬೆಲೆಯೂ ಬರುತ್ತಿರಲಿಲ್ಲ. ಅರ್ಧ ಶೆಡ್ಡಿಗೆ ಶೀಟ್ ಹೊದಿಸಿ ಬೆಲ್ಲದ ಅಚ್ಚಿನ ಗೋದಾಮು ಮಾಡಿಕೊಂಡರು. ಈಗ ಅದನ್ನು ಊರವರು ಗೋದಾಮು ಅಂತಲೇ ಕರೆಯುತ್ತಾರೆ. ಅದು ಬೇರೇನೋ ಆಗಬೇಕಿತ್ತು ಅನ್ನುವುದು ಯಾರಿಗೂ ನೆನಪಿಲ್ಲ.

ಕೊನೆಗೊಂದು ಮುಕ್ತಾಯದ ಕಡತ ಮಾಡಿ, ಮೂರು ಪುಟ ಸಾಕು: ಏನು ಮಾಡಲು ಹೊರಟೆವು, ಯಾವ ದಿನ ಮೊದಲ ಲಕ್ಷಣ ಕಂಡಿತು, ಯಾವ ದಿನ ಒಪ್ಪಿಕೊಂಡೆವು. ಆ ಎರಡು ತಾರೀಕುಗಳ ನಡುವಿನ ಅಂತರ ಎಷ್ಟು ತಿಂಗಳು, ಆ ತಿಂಗಳುಗಳಲ್ಲಿ ಖರ್ಚಾಗಿದ್ದು ಎಷ್ಟು ಅನ್ನುವುದನ್ನು ಅಂಕಿಯಲ್ಲಿ ಬರೆಯಿರಿ. ಯಾರ ಹೆಸರೂ ಬೇಡ.

ನಮ್ಮ ಜಮೀನು ಆ್ಯಪಿನ ಮುಕ್ತಾಯದ ಕಡತವನ್ನು ನಾನೇ ಬರೆದೆ. ತೂಕ ಮತ್ತು ಪಾವತಿಯ ಭಾಗ ಮೇ 15ರ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ತಾಳೆಯಾಯಿತು, ಜುಲೈನಲ್ಲಿ ಹಂಗಾಮಿನ ಮೊದಲ ಗಾಡಿಗೆ ಅದರಿಂದಲೇ ಚೀಟಿ ಹೋಯಿತು. ಅದಕ್ಕೂ ಹಿಂದಿನ ರಾತ್ರಿ ಟ್ರಯಲ್ಲಿನ ಹಳೆಯ ದಾಖಲೆಗಳನ್ನು ಅಳಿಸಲು ಕೂತಿದ್ದೆವು. ನೋಡಿದರೆ, ಜನವರಿಯ ಆ ದಿನ ಕೆಎ 11 0000 ನಂಬರಿನ ಒಂದೇ ವಾಹನ 43 ಸಲ ಕಬ್ಬು ತಂದಿತ್ತು.